ಎಡಗೈಯಲ್ಲಿ ಬರೆದ ಪ್ರಶ್ನೆ

"ನಿಮ್ಮ ಮಗು ಒಳಗಿದೆಯಾ?" ಎಂದು ಅವನು ಕೇಳಿದ.

ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹಲ್ಲು ನೆಟ್ಟಗೆ ಮಾಡುವ ಡಾಕ್ಟರಮ್ಮನ ಆ ಕ್ಲಿನಿಕ್ಕಿಗೆ ಬರುವ ದೊಡ್ಡವರೆಲ್ಲ ಯಾವುದಾದರೂ ಮಗುವಿನ ಕೈ ಹಿಡಿದೇ ಬರುತ್ತಿದ್ದರು. ಅವನೂ ಹನ್ನೊಂದು ವರ್ಷದ ಮಗಳು ಗುಬ್ಬಿಯನ್ನು ಒಳಗೆ ಕಳುಹಿಸಿ ಕುಳಿತಿದ್ದ. ಪಕ್ಕದ ಕುರ್ಚಿಯ ಹೆಂಗಸಿಗೆ ನಲವತ್ತರ ಹತ್ತಿರದ ವಯಸ್ಸು.

ಆಕೆ ಅವನ ಕಡೆಗೆ ತಿರುಗಿದಳು. ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದು, ಅರೆಗಳಿಗೆ ಮಾತ್ರ ಸರಿಸಿ, ಆ ದಿನವೇ ಹಾಕಿಸಿಕೊಂಡ ಹೊಚ್ಚಹೊಸ ತಂತಿಯನ್ನು ತೋರಿಸಿದಳು.

"ಆ ಮಗು ನಾನೇ."

ಅವನ ಕಿವಿಗಳು ಕೆಂಪಾದವು. ಆಕೆ ನಕ್ಕಳು, ಕೈ ಮತ್ತೆ ಬಾಯಿಗೆ ಹೋಯಿತು. ಮೂವತ್ತು ವರ್ಷದಿಂದ ಹಾಗೆಯೇ ನಗುತ್ತಿದ್ದೇನೆ, ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಹತ್ತಿ ಕುಳಿತಿವೆ, ಸಾಕಾಗಿ ಈಗ ಬಂದೆ ಎಂದು ತಾನಾಗಿಯೇ ಹೇಳಿದಳು. ಈ ವಯಸ್ಸಿಗೆ ಆಗುತ್ತದೆಯೇ ಎಂದು ಡಾಕ್ಟರಮ್ಮನನ್ನು ಕೇಳಿದ್ದಳಂತೆ. ಒಸಡು ಮತ್ತು ಮೂಳೆ ಗಟ್ಟಿಯಾಗಿದ್ದರೆ ಹಲ್ಲಿಗೆ ವಯಸ್ಸು ಗೊತ್ತಾಗುವುದಿಲ್ಲ, ಮಕ್ಕಳಿಗಿಂತ ಸ್ವಲ್ಪ ನಿಧಾನ ಅಷ್ಟೆ ಎಂದು ಉತ್ತರ ಬಂದಿತ್ತಂತೆ.

ಅವನು ಅಂಗಡಿ ಮುಂಗಟ್ಟುಗಳಿಗೆ ಬೋರ್ಡ್ ಬರೆಯುವವನು. ಹೆಂಡತಿ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆಯಲ್ಲಿ ಗುಬ್ಬಿ, ಮತ್ತು ಅವನ ಅತ್ತೆ, ಎಂದರೆ ಹೋದವಳ ತಾಯಿ. ಪಕ್ಕದ ಕುರ್ಚಿಯ ಆಕೆಯೋ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುವವಳು, ಒಂಟಿ. ಆ ಬೀದಿಯ ಬೋರ್ಡುಗಳನ್ನೆಲ್ಲ ಬರೆದವನು ಇವನೇ ಎಂದು ತಿಳಿದಾಗ ಆಕೆಗೆ ಹಬ್ಬವಾಯಿತು. ದಿನಕ್ಕೆ ಸಾವಿರ ವಿಳಾಸ ಓದುವ ಕಣ್ಣು ತನ್ನದು, ಈ ಅಕ್ಷರವನ್ನು ಎಷ್ಟೋ ಅಂಗಡಿಗಳ ಮೇಲೆ ಕಂಡು ಗುರುತಿಟ್ಟಿದ್ದೇನೆ ಎಂದಳು.

"ನಿಮ್ಮ ಅಕ್ಷರಗಳೆಲ್ಲ ಹೊಟ್ಟೆ ತುಂಬ ಉಂಡು ಕೂತ ಹಾಗೆ ಇರ್ತವೆ."

"ಉಪವಾಸ ಇರೋ ಅಕ್ಷರ ದೂರಕ್ಕೆ ಕಾಣಲ್ಲ" ಎಂದ ಅವನು. ಯಾರ ಜೊತೆಗಾದರೂ ಹೀಗೆ ಸರಸವಾಗಿ ಮಾತನಾಡಿ ಎಷ್ಟು ಕಾಲವಾಯಿತೆಂದು ಅವನಿಗೇ ಆಶ್ಚರ್ಯವಾಯಿತು.

ಅಲ್ಲಿಂದ ತಿಂಗಳ ಮೊದಲ ಬುಧವಾರ, ಸಂಜೆ ನಾಲ್ಕು ಗಂಟೆ, ಅವನ ಪಂಚಾಂಗದಲ್ಲಿ ಒಂದೇ ಒಳ್ಳೆಯ ದಿನವಾಯಿತು. ಗುಬ್ಬಿ ಮತ್ತು ಆಕೆ ಹಲ್ಲಿಗೆ ಸುತ್ತುವ ರಬ್ಬರ್ ಉಂಗುರಗಳ ಬಣ್ಣ ಹೋಲಿಸಿಕೊಳ್ಳುವರು. ಗುಬ್ಬಿಯದು ನೇರಳೆಯಾದರೆ ಮುಂದಿನ ತಿಂಗಳು ಆಕೆಯದೂ ನೇರಳೆ. ಅವನು ಪತ್ರಿಕೆ ಓದುವಂತೆ ಹಿಡಿದುಕೊಂಡು ಕುಳಿತಿರುವನು. ಒಂದು ಸಲ ಅದು ತಲೆಕೆಳಗಾಗಿದೆ ಎಂದು ಆಕೆ ಮೆಲ್ಲಗೆ ತಿಳಿಸಿದಳು.

ಅವನು ನೋಡುತ್ತಿದ್ದದ್ದು ಆ ಕೈಯನ್ನು. ಮೊದಲ ತಿಂಗಳುಗಳಲ್ಲಿ ನಕ್ಕಾಗಲೆಲ್ಲ ಅದು ಮೂಗಿನವರೆಗೆ ಏರುತ್ತಿತ್ತು. ನಾಲ್ಕನೆಯ ತಿಂಗಳಲ್ಲಿ ತುಟಿಯ ಬಳಿ ನಿಂತಿತು. ಎಂಟನೆಯ ತಿಂಗಳಲ್ಲಿ ಗಲ್ಲಕ್ಕೆ ಇಳಿಯಿತು. ಹಲ್ಲು ಸರಿದಷ್ಟೇ ಮೆಲ್ಲಗೆ ಆ ಕೈಯೂ ಸರಿಯುತ್ತಿತ್ತು. ಅದು ಪೂರ್ತಿ ಕೆಳಗೆ ಬರುವ ದಿನ ತಾನು ಎದುರಿಗೆ ಇರಬೇಕೆಂದು ಅವನು ದೇವರ ಮುಂದೆ ನಿಂತಾಗ ಬೇಡಿಕೊಂಡ. ಬೇಡಿಕೊಂಡ ಮೇಲೆ ಪಕ್ಕದಲ್ಲೇ ಇದ್ದ ಹೆಂಡತಿಯ ಪಟವನ್ನು ನೋಡಲಾರದೆ ಹೊರಗೆ ಬಂದ.

ಆ ಕ್ಲಿನಿಕ್ಕಿನಲ್ಲಿ ಒಂದು ಪದ್ಧತಿಯಿತ್ತು. ಕಾಯುವ ಕೋಣೆಯ ಮೇಜಿಗೆ ಒಂದು ದಪ್ಪ ನೋಟ್‌ಬುಕ್ಕನ್ನು ದಾರದಿಂದ ಕಟ್ಟಿದ್ದರು. ಬಾಯಿಬಿಟ್ಟು ಕೇಳಲು ನಾಚುವವರು ಅದರಲ್ಲಿ ಹೆಸರು ಹಾಕದೆ ಪ್ರಶ್ನೆ ಬರೆಯಬೇಕು. ಪ್ರತಿ ಮಂಗಳವಾರ ಡಾಕ್ಟರಮ್ಮ ಕೆಂಪು ಶಾಯಿಯಲ್ಲಿ ಉತ್ತರಿಸುವರು. ತಂತಿ ಹಾಕಿ ಆರು ತಿಂಗಳು ದಾಟಿದವರು ತಮ್ಮ ಅನುಭವವನ್ನು ಕೆಳಗೆ ನೀಲಿ ಶಾಯಿಯಲ್ಲಿ ಸೇರಿಸಬಹುದು.

ನೋವಾಗುತ್ತದೆಯೇ ಎಂದು ಯಾರೋ ಕೇಳಿದ್ದರು. ಮೊದಲ ಮೂರು ನಾಲ್ಕು ದಿನ, ಮೆತ್ತಗಿನದು ತಿನ್ನಿ ಎಂದು ಕೆಂಪು ಶಾಯಿ. ಐದನೆಯ ದಿನ ನೆರೆಮನೆಯವರ ಜೊತೆ ಜಗಳವಾಡುವಷ್ಟು ಶಕ್ತಿ ಬರುತ್ತದೆ ಎಂದು ನೀಲಿ ಶಾಯಿ. ತಂತಿ ತೆಗೆದ ಮೇಲೆ ಹಲ್ಲು ಹಳೆಯ ಜಾಗಕ್ಕೇ ಹೋಗುತ್ತದೆಯೇ ಎಂದು ಒಬ್ಬ ತಾಯಿ ಕೇಳಿದ್ದಳು. ಹಿಡಿದಿಡದಿದ್ದರೆ ಹೋಗುತ್ತದೆ, ದಿನವೂ ಮಲಗುವಾಗ ಪ್ಲೇಟ್ ಹಾಕಿಕೊಳ್ಳಲೇಬೇಕು ಎಂದು ಕೆಂಪು. ಅದರ ಕೆಳಗೆ ನೀಲಿಯಲ್ಲಿ ಏನೂ ಇರಲಿಲ್ಲ. ಆರು ತಿಂಗಳು ದಾಟಿದ ಮೇಲೆ ಆಕೆಯೂ ಬರೆಯತೊಡಗಿದ್ದ ಆ ನೀಲಿಯ ಉತ್ತರಗಳನ್ನು ಅವನು ಹುಡುಕಿ ಹುಡುಕಿ ಓದುತ್ತಿದ್ದ.

ಹೀಗೆ ಒಂದು ವರ್ಷವಾದ ಮೇಲೆ, ಮುಂದಿನ ತಿಂಗಳು ಗುಬ್ಬಿಯ ತಂತಿ ಬಿಚ್ಚುತ್ತೇನೆ ಎಂದು ಡಾಕ್ಟರಮ್ಮ ಹೇಳಿದರು. ಗುಬ್ಬಿ ಕುಣಿದಳು. ಅಪ್ಪನ ಮುಖ ಮಾತ್ರ ಬಾಡಿತು. ಆಕೆಗೆ ಇನ್ನೂ ಎಂಟು ತಿಂಗಳ ಚಿಕಿತ್ಸೆಯಿತ್ತು. ಮಗಳ ಹಲ್ಲು ನೆಟ್ಟಗಾದ ಮೇಲೆ ಅವನು ಯಾವ ನೆಪ ಹೇಳಿ ಆ ಕುರ್ಚಿಯಲ್ಲಿ ಕೂರಬೇಕು? ಮನಸ್ಸಿನಲ್ಲಿರುವುದನ್ನು ಆಡಿಬಿಡೋಣವೆಂದರೆ ಅತ್ತೆಯ ಮುಖ ಕಣ್ಣಿಗೆ ಕಟ್ಟುತ್ತಿತ್ತು.

ಗುಬ್ಬಿಯ ಆ ಕೊನೆಯ ಬುಧವಾರಕ್ಕೆ ಎರಡು ದಿನ ಮೊದಲು, ಬೋರ್ಡಿನ ಬಣ್ಣ ಮಾಸಿದೆ ಎಂದು ಹೇಳಿಕೊಂಡು ಅವನು ಡಬ್ಬ ಕುಂಚ ಹಿಡಿದು ಕ್ಲಿನಿಕ್ಕಿಗೆ ಹೋದ. ಯಾರೂ ಇಲ್ಲದ ಹೊತ್ತು ನೋಡಿ, ಗುರುತು ಸಿಗದಿರಲೆಂದು ಎಡಗೈಯಲ್ಲಿ ಪೆನ್ನು ಹಿಡಿದು, ನೋಟ್‌ಬುಕ್ಕಿನಲ್ಲಿ ಹೀಗೆ ಬರೆದ:

"ವಯಸ್ಸು ನಲವತ್ತಮೂರು. ಹಲ್ಲು ನೆಟ್ಟಗಿದ್ದರೂ ತಂತಿ ಹಾಕಿಸಿಕೊಳ್ಳಬಹುದೇ? ಹಾಕಿಸಿಕೊಂಡರೆ ಎಂಟು ತಿಂಗಳಾದರೂ ಬರಬೇಕಾಗುತ್ತದೆಯೇ?"

ಬುಧವಾರ ಅತ್ತೆಯೂ ಜೊತೆಗೆ ಹೊರಟರು. ಮೊಮ್ಮಗಳ ಹೊಸ ನಗುವನ್ನು ಮೊದಲು ತಾನೇ ನೋಡಬೇಕೆಂದು ಅವರ ಹಟ. ಅವನು ಕಾಯುವ ಕೋಣೆಗೆ ಕಾಲಿಟ್ಟವನೇ ಕುರ್ಚಿಯತ್ತ ನೋಡಿದ. ಕುರ್ಚಿ ಖಾಲಿಯಿತ್ತು. ಅಂಚೆ ಕಚೇರಿಯ ಮೇಡಂಗೆ ಸಂಜೆ ಬಿಡುವಿಲ್ಲವಂತೆ, ಬೆಳಿಗ್ಗೆಯೇ ಬಂದು ಹೋದರು ಎಂದಳು ನರ್ಸ್.

ಗುಬ್ಬಿಯ ತಂತಿ ಬಿಚ್ಚಿದ ಮೇಲೆ ಅವನು ತಾನೇ ಹೋಗಿ ಆ ಉದ್ದನೆಯ ಕುರ್ಚಿಯಲ್ಲಿ ಒರಗಿ ಬಾಯಿ ತೆರೆದ. ಡಾಕ್ಟರಮ್ಮ ಪುಟ್ಟ ಕನ್ನಡಿ ಹಿಡಿದು ಮೇಲೆ ಕೆಳಗೆ ನೋಡಿದರು. ಕೆಳಗಿನ ಒಂದು ಹಲ್ಲು ಕೂದಲೆಳೆಯಷ್ಟು ತಿರುಗಿದೆ, ಅದು ನನಗಲ್ಲದೆ ಬೇರೆ ಯಾರಿಗೂ ಕಾಣುವುದಿಲ್ಲ ಎಂದರು. ನನಗೆ ಕಾಣುತ್ತದೆ ಎಂದು ಅವನು ವಾದಿಸಿದ. ಆರೋಗ್ಯವಾಗಿರುವ ಹಲ್ಲನ್ನು ಸುಮ್ಮನೆ ಕದಲಿಸುವುದು ನನ್ನ ಪದ್ಧತಿಯಲ್ಲ ಎಂದು ಅವರು ದೀಪ ಆರಿಸಿದರು. ಆಮೇಲೆ ಮುಗುಳ್ನಕ್ಕು, "ನೋಟ್‌ಬುಕ್ ನೋಡಿದ್ರಾ?" ಎಂದು ಮಾತ್ರ ಕೇಳಿದರು.

ಹೊರಗೆ ಗುಬ್ಬಿ ಅದನ್ನೇ ತೆರೆದುಕೊಂಡು ನಿಂತಿದ್ದಳು.

"ಅಪ್ಪಾ, ಇದು ನಿನ್ನ ಅಕ್ಷರ ತಾನೆ? ಯಾಕೆ ಇಷ್ಟು ಕೆಟ್ಟದಾಗಿ ಬರೆದಿದ್ದೀಯ?"

ಅವನ ಪ್ರಶ್ನೆಯ ಕೆಳಗೆ ಕೆಂಪು ಶಾಯಿಯಲ್ಲಿ ಒಂದೇ ಮಾತು: "ಅಗತ್ಯವಿಲ್ಲ." ಅದರ ಕೆಳಗೆ ನೀಲಿ:

"ಬರುವುದಕ್ಕೆ ತಂತಿಯೇ ಬೇಕೆಂದು ನಿಮಗೆ ಯಾರು ಹೇಳಿದರು? ಎಡಗೈಯಲ್ಲಿ ಬರೆದರೂ ನಿಮ್ಮ ಅಕ್ಷರಗಳು ಹೊಟ್ಟೆ ತುಂಬ ಉಂಡೇ ಕುಳಿತಿವೆ. ನನ್ನ ಕೌಂಟರ್ ಐದು ಗಂಟೆಗೆ ಮುಚ್ಚುತ್ತದೆ."

ಗೋಡೆಯ ಗಡಿಯಾರದಲ್ಲಿ ಐದಕ್ಕೆ ಹದಿನೆಂಟು ನಿಮಿಷವಿತ್ತು. ಅವನ ಕಾಲು ಬಾಗಿಲ ಕಡೆಗೆ ಎರಡು ಹೆಜ್ಜೆ ಇಟ್ಟು, ಅಲ್ಲೇ ನಿಂತಿತು. ಅತ್ತೆ ಮೊಮ್ಮಗಳ ಭುಜದ ಮೇಲಿಂದ ಬಗ್ಗಿ ಇಡೀ ಪುಟವನ್ನು ಓದಿ ಮುಗಿಸಿದ್ದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.

"ನನ್ನ ಮಗಳು ಹೋದ ದಿನದಿಂದ ದೇವರ ಹತ್ತಿರ ಒಂದೇ ಕೇಳ್ತಾ ಇದ್ದೀನಿ" ಎಂದರು. "ಆ ಮನೆಯಲ್ಲಿ ಮತ್ತೆ ಯಾರಾದ್ರೂ ನಗೋ ಹಾಗೆ ಮಾಡಪ್ಪಾ ಅಂತ. ಅವನು ಕೊಡೋಕೆ ಬಂದಾಗ ನೀನು ಕೈ ಹಿಂದಕ್ಕೆ ಎಳ್ಕೋಬೇಡ. ನಡಿ."

ಅವನು ಬಗ್ಗಿ ಅವರ ಕಾಲು ಮುಟ್ಟಿದ. ಗಡಿಯಾರ ಓಡ್ತಾ ಇದೆ, ಇದೆಲ್ಲ ಆಮೇಲೆ ಎಂದು ಅವರೇ ಗದರಿದರು.

ಮೂವರೂ ಓಡಿದರು, ಅತ್ತೆಯದನ್ನು ಓಟವೆನ್ನಬಹುದಾದರೆ. ಔಷಧಿ ಅಂಗಡಿ, ಹೊಲಿಗೆ ಅಂಗಡಿ, ಸೈಕಲ್ ಅಂಗಡಿ, ಎಲ್ಲದರ ನೆತ್ತಿಯ ಮೇಲೂ ಅವನದೇ ಅಕ್ಷರ. ಅವೆಲ್ಲ ಆ ಸಂಜೆ ಎದ್ದು ನಿಂತು ದಾರಿ ಬಿಟ್ಟಂತೆ ಅವನಿಗೆ ತೋರಿತು.

ಅಂಚೆ ಕಚೇರಿಯಲ್ಲಿ ಅವನ ಮುಂದೆ ಮೂವರಿದ್ದರು. ಐದಕ್ಕೆ ಒಂಬತ್ತು ನಿಮಿಷ. ಒಬ್ಬರು ಪಾರ್ಸೆಲ್ಲಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದರು. ಇನ್ನೊಬ್ಬರು ವಿಳಾಸ ಮರೆತು ನೆನಪಿಸಿಕೊಂಡರು. ಐದಕ್ಕೆ ಎರಡು ನಿಮಿಷವಿದ್ದಾಗ ಅವನು ಕಿಂಡಿಯ ಮುಂದೆ ನಿಂತ. ಆಕೆ ಮುದ್ರೆ ಒತ್ತುತ್ತಲೇ, ತಲೆ ಎತ್ತದೆ, ಏನಾಗಬೇಕೆಂದು ಕೇಳಿದಳು. ತುಟಿಯ ಕೊನೆ ಮಾತ್ರ ಅವಳ ಮಾತು ಕೇಳುತ್ತಿರಲಿಲ್ಲ.

ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಅವನಿಗೆ ಮರೆತುಹೋದವು.

"ತಿಂಗಳಿಗೊಂದು ಬುಧವಾರ ನನಗೆ ಸಾಲದು. ದಿನಾ ನಿಮ್ಮನ್ನ ನೋಡ್ಬೇಕು. ಮನೆಯಲ್ಲಿ ಮಗಳಿದ್ದಾಳೆ, ಅತ್ತೆಯವರಿದ್ದಾರೆ, ಹೋದವಳ ಪಟ ಇದೆ. ಯಾವುದನ್ನೂ ತೆಗೆಯೋನಲ್ಲ ನಾನು. ಇಷ್ಟರ ಜೊತೆಗೆ ನನ್ನನ್ನ ಮದುವೆ ಆಗ್ತೀರಾ?"

ಮುದ್ರೆ ಗಾಳಿಯಲ್ಲೇ ನಿಂತಿತು. ಆಕೆ ಅವನ ಹಿಂದೆ ಏದುಸಿರು ಬಿಡುತ್ತಿದ್ದ ಗುಬ್ಬಿಯನ್ನೂ ಅತ್ತೆಯನ್ನೂ ನೋಡಿದಳು. ಕಣ್ಣುಗಳು ತುಂಬಿದವು.

"ಪಟ ತೆಗೀತೀನಿ ಅಂದಿದ್ರೆ ನಾನು ಕಿಂಡಿ ಮುಚ್ತಾ ಇದ್ದೆ" ಎಂದಳು. ಆಮೇಲೆ ದನಿ ತಗ್ಗಿಸಿದಳು. "ಆದರೆ ಒಂದು ವಿಷಯ. ತಂತಿ ತೆಗೆದ ಮೇಲೂ ಜನ್ಮಪೂರ್ತಿ ಮಲಗುವಾಗ ನಾನು ಪ್ಲೇಟ್ ಹಾಕ್ಕೋಬೇಕು. ನೋಡೋಕೆ ಚೆನ್ನಾಗಿರಲ್ಲ."

"ಅತ್ತೆಯವರ ಹಲ್ಲಿನ ಸೆಟ್ಟು ದಿನಾ ಲೋಟದಲ್ಲಿ ಮಲಗುತ್ತೆ. ನಮ್ಮ ಮನೆಗೆ ಅಭ್ಯಾಸ ಇದೆ."

"ಊರಿಗೆಲ್ಲ ಟಪಾಲು ಹಂಚೋ ಜಾಗದಲ್ಲೇ ಇದನ್ನ ಹೇಳ್ಬೇಕಿತ್ತೇನಪ್ಪ ನೀನು?" ಎಂದು ಹಿಂದಿನಿಂದ ಅತ್ತೆಯ ದನಿ ಬಂತು.

ಸಾಲಿನವರೆಲ್ಲ ನಕ್ಕರು. ಆಕೆಯೂ ನಕ್ಕಳು. ಬಲಗೈ ರೂಢಿಯಂತೆ ಮೇಲೇರಿತು. ಅವನು ಉಸಿರು ಬಿಗಿಹಿಡಿದು ನೋಡುತ್ತಿದ್ದ. ಎದೆಯ ಹತ್ತಿರ ಬಂದ ಕೈ ಅಲ್ಲಿ ಒಂದು ಗಳಿಗೆ ತಡೆದು, ಕೆಳಗಿಳಿದು, ಕಿಂಡಿಯ ಅಂಚಿನಲ್ಲಿದ್ದ ಅವನ ಬೆರಳುಗಳ ಮೇಲೆ ಕೂತಿತು. ನೇರಳೆ ಉಂಗುರಗಳೊಡನೆ ಆ ನಗು ಪೂರ್ತಿಯಾಗಿ, ಏನೂ ಅಡ್ಡವಿಲ್ಲದೆ, ಅವನ ಎದುರಿಗಿತ್ತು.