ಕಾಣೆಯಾದ ಒಂದು ಜಿಬಿ

“ಎರಡು, ಎರಡು ಕೂಡಿದ್ರ ಎಷ್ಟಾತು?” ಮಲ್ಲು ಬೆಂಚಿನ ಮೇಲೆ ಹತ್ತಿ ನಿಂತು ಕೇಳಿದ.

“ನಾಲ್ಕು!” ಐದನೇ ತರಗತಿಯ ಮಕ್ಕಳು ಕೂಗಿದರು.

“ಮೌನಿಯ ಮಾಮಾಗ ಮೂರು!”

ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಮೌನೇಶ್ವರಿ ಮಾತ್ರ ಕಂಪ್ಯೂಟರ್ ಪರದೆಯನ್ನೇ ನೋಡುತ್ತಿದ್ದಳು. ಅದು ದೋರನಹಳ್ಳಿಯ ಆ ಶಾಲೆಗೆ ಇದ್ದ ಒಂದೇ ಕಂಪ್ಯೂಟರ್. ಲಿನಕ್ಸ್ ಹಾಕಿದ ಹಳೆಯ ಮಷಿನ್. ಮೆಮೊರಿ ಎರಡೇ ಜಿಬಿ ಇದ್ದುದರಿಂದ ಚಿತ್ರ ಬಿಡಿಸಲು ಹೋದರೆ ನಿಂತೇ ಬಿಡುತ್ತಿತ್ತು. ಹೋದ ವಾರ ಮೌನಿಯ ಸೋದರಮಾವ ಗುರಣ್ಣ ಶಹಾಪುರದ ತನ್ನ ರಿಪೇರಿ ಅಂಗಡಿಯಿಂದ ಎರಡು ಜಿಬಿಯ ಇನ್ನೊಂದು ಮೆಮೊರಿ ಪಟ್ಟಿ ತಂದು ಹಾಕಿ ಹೋಗಿದ್ದ. ಪರದೆ ಮಾತ್ರ ಒಟ್ಟು ಮೂರು ಎಂದೇ ತೋರಿಸುತ್ತಿತ್ತು.

“ಹತ್ತಿ ತೂಕದಾಗ ಹೊಡಿತಾರಲ್ಲ, ಹಂಗ ನಿಮ್ಮ ಮಾಮ ಜಿಬಿದಾಗ ಹೊಡದಾನ,” ಅಂದ ಮಲ್ಲು.

“ನಮ್ಮ ಮಾಮ ಅಂಥಾಂವಲ್ಲ!”

“ಮತ್ತ ಒಂದು ಜಿಬಿ ಎಲ್ಲಿ ಹೋತು? ಇಲಿ ತಿಂತೇನು?”

ಅಷ್ಟರಲ್ಲಿ ಮಲ್ಲೇಶ್ವರಿ ಟೀಚರ್ ಒಳಗೆ ಬಂದರು. “ಇಳಿಯೋ ಕೆಳಗ! ನಾಳೆ ಗುರಣ್ಣ ಬರ್ತಾರ. ಅವ್ರನ್ನ ಕೇಳೋಣು.”

ಅಂದು ಸಂಜೆ ಮೌನಿ ಅವ್ವನ ಜೊತೆ ಶಹಾಪುರದ ಮಾಮನ ಅಂಗಡಿಗೆ ಹೋದಳು. ಅವ್ವ, ಮಾಮ ಮಾತಿಗೆ ಕೂತರು. ಮೌನಿ ಮೆಲ್ಲಗೆ ಟೇಬಲ್ ಮೇಲಿನ ಡಬ್ಬಿ ತೆರೆದಳು. ಒಳಗೆ ಮೆಮೊರಿಯ ಹಸಿರು ಪಟ್ಟಿಗಳಿದ್ದವು. ಒಂದರ ಮೇಲೆ ‘2 ಜಿಬಿ’ ಎಂಬ ಚೀಟಿ. ಅವಳು ಅದನ್ನು ಎತ್ತಿ ನೋಡಿದಳು. ಶಾಲೆಗೆ ಹಾಕಬೇಕಾದದ್ದು ಇದೇ ಏನು? ಮಾಮ ಅಲ್ಲಿ ಒಂದು ಜಿಬಿಯದನ್ನು ಹಾಕಿ ಬಂದನೇ?

“ಏನ್ ಹುಡುಕಾಕತ್ತಿ ಮೌನಿ?” ಮಾಮ ಕೇಳಿದ.

“ಏನಿಲ್ಲ ಮಾಮಾ.”

ಮರುದಿನ ಗುರಣ್ಣ ಶಾಲೆಗೆ ಬಂದ. ಕಂಪ್ಯೂಟರ್ ಡಬ್ಬದ ಮುಚ್ಚಳ ಬಿಚ್ಚಿ ಎರಡೂ ಪಟ್ಟಿ ಹೊರಗೆ ತೆಗೆದ. “ಯಾರರೆ ಓದ್ರಿ.”

ಮಲ್ಲು ಬಗ್ಗಿ ನೋಡಿದ. “ಇದು ಎರಡು ಜಿಬಿ. ಇದೂ… ಎರಡು ಜಿಬಿ. ಮತ್ತ ಮೂರು ಯಾಕ್ರಿ?”

“ನನಗೂ ತಿಳಿವಲ್ದು. ತಡಿ, ನೋಡೋಣು.”

ಪಟ್ಟಿಗಳನ್ನು ಮತ್ತೆ ಕೂರಿಸಿ, ಕಂಪ್ಯೂಟರ್ ಚಾಲೂ ಆಗುವಾಗ ಗುರಣ್ಣ ಒಂದು ಕೀಲಿ ಒತ್ತಿ ಹಿಡಿದ. ನೀಲಿ ಪರದೆಯ ತುಂಬ ಇಂಗ್ಲಿಷ್ ಸೆಟ್ಟಿಂಗ್‌ಗಳು ಬಂದವು. ಟೀಚರ್ ಒಂದೊಂದೇ ಓದುತ್ತ ಹೋದರು. “ಮೆಮೊರಿ ರೀಮ್ಯಾಪ್… ಡಿಸೇಬಲ್ಡ್.”

“ಹಿಡದ್ರಿ ನೋಡ್ರಿ ಟೀಚರ್! ಹಳೇ ಮಷಿನ್‌ದಾಗ ಇದನ್ನ ಮೊದಲು ನೋಡಬೇಕಿತ್ತು. ಮರತೆ,” ಎಂದು ಗುರಣ್ಣ ಹಣೆ ಬಡಿದುಕೊಂಡ.

“ಹಂಗಂದ್ರ ಏನ್ರಿ?” ಮಲ್ಲು ಬಿಡಲಿಲ್ಲ.

“ಬಿಸಿಯೂಟದ ಸಾಲಿನಾಗ ನಾಲ್ಕು ಮಂದಿ ಕೂಡೋ ಜಾಗ ಅದ ಅಂತ ತಿಳಕೊ. ಕೊನೀ ಜಾಗದಾಗ ಸಾಂಬಾರ್ ಬೋಗಾಣಿ ಇಟ್ಟಾರ. ನಾಲ್ಕನೇಯಾಂವ ಎಲ್ಲಿ ಕೂಡಬೇಕು?”

“ನಿಂದ್ರಬೇಕು!”

“ನಿಂತಾವಗ ಬಡಸಂಗಿಲ್ಲ. ಪರದೆಗೆ, ನೆಟ್‌ಗೆ ಸೈತ ಒಳಗ ಜಾಗ ಬೇಕು. ಅವು ಕೊನೀ ಜಿಬಿ ಜಾಗ ಹಿಡದಾವ. ನಿಮ್ಮ ಜಿಬಿ ಎಲ್ಲೂ ಹೋಗಿಲ್ಲ, ಕೂಡಾಕ ಜಾಗ ಇಲ್ದ ನಿಂತದ.”

“ಇನ್ನೊಂದು ಸಾಲು ಹಾಕಿದ್ರಾತು,” ಅಂದಳು ಮೌನಿ.

“ಅದನ್ನ ಮಾಡೋದಽ ಈ ಸೆಟ್ಟಿಂಗ್!” ಗುರಣ್ಣ ಅದನ್ನು ‘ಎನೇಬಲ್ಡ್’ ಮಾಡಿ ಸೇವ್ ಒತ್ತಿದ. ಲಿನಕ್ಸ್ ಮತ್ತೆ ಶುರುವಾಯಿತು. ಈಗ ಹೆಚ್ಚುಕಡಿಮೆ ನಾಲ್ಕು ಜಿಬಿ! ಮಕ್ಕಳು ಚಪ್ಪಾಳೆ ಹೊಡೆದರು.

ಮಲ್ಲು ಕಿವಿ ತುರಿಸಿಕೊಂಡ. “ಕಾಕಾ, ನೀವು ತೂಕದಾಗ ಹೊಡದೀರಿ ಅಂತ ನಾನಽ ಅಂದಿದ್ದೆರಿ.”

“ಹೌದಾ? ಅಂಗಡಿಗೆ ತಕ್ಕಡಿ ತಗೊಂಡು ಬಾ ಹಂಗಾದ್ರ!”

ಎಲ್ಲರ ಜೊತೆ ಮಲ್ಲುವೂ ನಕ್ಕ. ಮೌನಿಗೆ ನಗು ಬರಲಿಲ್ಲ. ಮಲ್ಲು ಅಂದದ್ದು ಎಲ್ಲರೆದುರು. ಅವಳು ಯಾರಿಗೂ ಏನೂ ಅಂದಿರಲಿಲ್ಲ. ಡಬ್ಬಿ ತೆರೆದಿದ್ದಳು, ಅಷ್ಟೇ.

ಗೇಟಿನ ಬಳಿ ಗುರಣ್ಣ ಬೈಕಿಗೆ ಕಿಕ್ ಹೊಡೆದ. ಮೌನಿ ಓಡಿ ಬಂದು ಹ್ಯಾಂಡಲ್ ಹಿಡಿದಳು.

“ತಡಿ ಮಾಮಾ. ನಿನ್ನೆ ನಿನ್ನ ಡಬ್ಬಿದಾಗ ನಾ ಏನ್ ಹುಡುಕಾಕತ್ತಿದ್ದೆ ಅಂದ್ರ…”

ಗುರಣ್ಣ ಗಾಡಿ ಬಂದ್ ಮಾಡಿದ.