ಹಗ್ಗ ಬಿಟ್ಟವನು

"ನೀನಾ!"

ಸದರ್ನ್ ಅವೆನ್ಯೂ ಫುಟ್‌ಪಾತಿನಲ್ಲಿ ಪೂರ್ವಿ ನಿಂತಲ್ಲೇ ನಿಂತುಬಿಟ್ಟಳು. ಕಾಲಬೈಶಾಖಿ ಎಂಬ ಬೇಸಿಗೆಯ ಬಿರುಗಾಳಿಗೆ ಸೀಳಿಹೋಗಿದ್ದ ರೇನ್ ಟ್ರೀ ಮರವನ್ನು ಉಳಿಸಲು ಬಂದ ಹೊಸ ಕೆಲಸಗಾರ... ಭರತೇಶ!

ಎರಡು ವರ್ಷದ ಹಿಂದೆ ಇದೇ ಊರಿನ ಗಾರ್ಡನ್ ರೀಚ್‌ನಲ್ಲಿ ಅವಳು ಮರದ ಮೇಲಿದ್ದಳು. ಅವಳ ಜೀವದ ಹಗ್ಗ ಕೆಳಗೆ ಇವನ ಕೈಯಲ್ಲಿತ್ತು. ಅವಳು ಬಿದ್ದಳು, ಸೊಂಟ ಮುರಿಯಿತು. "ಹಗ್ಗ ಬಿಟ್ಟಿದ್ದು ನಾನೇ" ಎಂದು ಎಲ್ಲರೆದುರು ಒಪ್ಪಿಕೊಂಡು ಹೋದವನು ಆಸ್ಪತ್ರೆಯ ಕಡೆ ತಲೆ ಹಾಕಲಿಲ್ಲ. ಮದುವೆಯಾಗುತ್ತೇನೆ ಎಂದಿದ್ದ ಮಹಾನುಭಾವ!

ಈಗ ಅವಳೇ ತಂಡದ ಮುಖ್ಯಸ್ಥೆ. ಇವನನ್ನು ಇಟ್ಟುಕೊಳ್ಳುವುದೂ ಓಡಿಸುವುದೂ ಅವಳಿಗೆ ಬಿಟ್ಟದ್ದು.

'ಈ ಊರಿನ ಒಂದು ಮರವನ್ನೂ ನೀನು ಮುಟ್ಟದ ಹಾಗೆ ಮಾಡದಿದ್ದರೆ ನಾನು ಪೂರ್ವಿಯೇ ಅಲ್ಲ!'

"ಮೇಲೆ ಮಿಥುನ್ ಕೊಂಬೆ ಕಡೀತಾನೆ. ನೀನು ಹಗ್ಗ ಹಿಡಿದು ಕೆಳಗಿಳಿಸು. ಇವತ್ತಾದ್ರೂ ಬಿಡಬೇಡ" ಎಂದಳು. ಸುತ್ತಲಿದ್ದ ಹುಡುಗರು ಕಿಸಕ್ಕನೆ ನಕ್ಕರು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಆತ್ರಿ ಮೇಡಂ."

ಮೇಡಂ ಅಂತೆ! ಮೈ ಉರಿದುಹೋಯಿತು ಅವಳಿಗೆ.

"ಗ್ಲೌಸ್ ತೆಗಿ. ಬರಿಗೈಲಿ ಹಿಡಿ. ನೋವು ಅಂದ್ರೇನು ಅಂತ ನಿಂಗೂ ಗೊತ್ತಾಗ್ಲಿ."

"ಅದೊಂದು ಬ್ಯಾಡ, ಪೂರ್ವಿ..."

"ತೆಗೀ ಅಂದೆ!"

ಅವನು ತೆಗೆದ. ಮುಷ್ಟಿ ಮಡಚಲು ನೋಡಿದ, ಬೆರಳುಗಳು ಪೂರ್ತಿ ಮಡಚಲಿಲ್ಲ. ಎರಡೂ ಅಂಗೈಗಳಲ್ಲಿ ಚರ್ಮ ಸುಟ್ಟು ಮಾಯ್ದ ಹಳೆಯ ಹಳ್ಳ ಬಿದ್ದಿತ್ತು.

ಮರದ ಕೆಲಸದವರಿಗೆ ಆ ಗುರುತು ಗೊತ್ತು. ಓಡುವ ಹಗ್ಗವನ್ನು ಗಟ್ಟಿಯಾಗಿ ಹಿಡಿದೇ ಇದ್ದವನಿಗೆ ಮಾತ್ರ ಹೀಗಾಗುತ್ತದೆ. ಬಿಟ್ಟವನ ಕೈಗೆ ಏನೂ ಆಗುವುದಿಲ್ಲ...

"ದೀದಿ, ಕಾಟ್ಬೋ?" ಕಡಿಯಲಾ ಎಂದು ಮಿಥುನ್ ಮೇಲಿನಿಂದ ಕೂಗಿದ.

"ಸುಮ್ನೆ ಕೂತ್ಕೊಳೋ!" ಎಂದು ಗದರಿ ಭರತೇಶನತ್ತ ತಿರುಗಿದಳು. "ನೀನು ಬಿಟ್ಟಿರಲಿಲ್ಲ. ಹೇಳು... ಹೇಳೋ!"

"ನೀ ಹಗ್ಗ ಹಾಕಿದ ಕೊಂಬಿ ಒಳಗ ಟೊಳ್ಳಿತ್ತು. ಅವತ್ತು ಅವಸರದಾಗ ನೀ ಅದನ್ನ ತಟ್ಟಿ ನೋಡಿರ್ಲಿಲ್ಲ. ಕೊಂಬಿ ಮುರದು ಹಗ್ಗ ಕೆಳಗಿನ ಕವಲಿಗೆ ಜಾರಿ ಓಡಾಕ ಹತ್ತಿತು. ನಾ ಗಟ್ಟಿ ಹಿಡದೆ... ಪೂರಾ ನಿಲ್ಲಲಿಲ್ಲ."

ತಟ್ಟಿ ನೋಡದೆ ಹಗ್ಗ ಹಾಕಬಾರದು. ಹುಡುಗರಿಗೆಲ್ಲ ಅವಳೇ ಬೈದು ಕಲಿಸುವ ಪಾಠ! ತಪ್ಪು ತನ್ನದು...

"ಮತ್ತೆ ಸುಳ್ಳು ಯಾಕೆ ಹೇಳಿದೆ?"

"ಖರೇ ಹೇಳಿದ್ರ ನಿನ್ನ ಮತ್ತ ಮರಾ ಹತ್ತಾಕ ಬಿಡ್ತಿದ್ರೇನು? ಮರಾ ಬಿಟ್ರ ನೀ ಸತ್ತಂಗ. ಆಸ್ಪತ್ರಿಗೆ ಬಂದಿದ್ರ ಈ ಕೈ ನೋಡಿ ಎಲ್ಲಾ ತಿಳ್ಕೋತಿದ್ದಿ."

"ಈಗ ಯಾಕೆ ಬಂದೆ?"

"ಇಲ್ಲಿ ನೀನೇ ದೊಡ್ಡಾಕಿ ಅಂತ ಗೊತ್ತಾತು. ಬೈಸ್ಕೊಂಡಾದ್ರೂ ನಿನ್ನ ನೋಡೂಣು ಅನಿಸ್ತು."

ಅಳು ತಡೆಯಲಾಗಲಿಲ್ಲ ಅವಳಿಗೆ. ಹುಡುಗರೆಲ್ಲ ನೋಡುತ್ತಿದ್ದಂತೆಯೇ ಆ ಸುಟ್ಟ ಅಂಗೈಗಳನ್ನು ಎಳೆದು ಕೆನ್ನೆಗೊತ್ತಿಕೊಂಡಳು. ಎರಡು ವರ್ಷ ದಿನಾ ಶಪಿಸಿದ್ದಳಲ್ಲ ಇವನನ್ನು!

"ನನ್ನ ಕೇಳ್ದೇನೇ ನನ್ನ ತಪ್ಪು ಹೊತ್ಕೊಂಡ್ಯಲ್ಲ, ಇದಕ್ಕೆ ನಿನ್ನ ಸುಮ್ನೆ ಬಿಡಲ್ಲ. ಸೇಡು ತೀರಿಸ್ಕೊಂಡೇ ತೀರಿಸ್ಕೋತೀನಿ."

"ಹೆಂಗ?"

"ಜೀವನಪೂರ್ತಿ ಬೈತೀನಿ. ಬೈಸ್ಕೊಳ್ಳೋಕೆ ದಿನಾ ಮನೇಲಿರ್ಬೇಕು."

"ಯಾರ ಮನ್ಯಾಗ?"

"ನಮ್ಮನೇಲಿ... ದಡ್ಡ!"