ಸೀಮೆ ದಾಟಿದ ಬೆಳ್ಳಿಮುಖ

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸೀತೂರಿನ ಕರಿಬಸವಯ್ಯ ನರಸಿಂಹರಾಜಪುರ ಠಾಣೆಗೆ ಬಂದು ದೂರು ಕೊಟ್ಟರು. ಮನೆತನದ ಗುಡಿಯಲ್ಲಿದ್ದ ವೀರಭದ್ರನ ಬೆಳ್ಳಿಮುಖ ಹಿಂದಿನ ದಿನ ಬೆಳಗಿನ ಪೂಜೆಗೆ ಇತ್ತು, ಸಂಜೆ ದೀಪ ಹಚ್ಚುವ ಹೊತ್ತಿಗೆ ಕಾಣೆಯಾಗಿತ್ತು. ಬೀಗ ಮುರಿದಿರಲಿಲ್ಲ.

“ಕೀ ಯಾರ ಹತ್ರ ಇದೆ?” ಸಬ್ ಇನ್ಸ್‌ಪೆಕ್ಟರ್ ಚೇತನಾ ಕೇಳಿದರು.

“ಒಂದು ಗುಡಿ ಕೆಲಸದ ಚೋಮನ ಹತ್ರ. ಇನ್ನೊಂದು ನಮ್ಮ ಅವ್ವನ ಸೊಂಟದಲ್ಲಿ. ಅವ್ವ ಹೈದರಾಬಾದಿನ ಆಸ್ಪತ್ರೇಲಿದ್ದಾರೆ. ಅಲ್ಲಿ ಕಾಫಿಪುಡಿ ಅಂಗಡಿ ಇಟ್ಟಿರೋ ನನ್ನ ತಮ್ಮ ಸಿದ್ದಾರ್ಥ ನೋಡ್ಕೋತಾನೆ. ನಿನ್ನೆ ಬೆಳಿಗ್ಗೆ ಎಂಟಕ್ಕೂ ಅವ್ವನ ಮಂಚದ ಪಕ್ಕದಿಂದ ವಿಡಿಯೊ ಕಾಲ್ ಮಾಡಿದ್ದ.”

ಎಫ್‌ಐಆರ್ ದಾಖಲಾಯಿತು. ಚೋಮನನ್ನು ವಿಚಾರಣೆಗೆ ಕರೆತಂದು ಕೂರಿಸಿದರು. ಎಷ್ಟು ಕೇಳಿದರೂ ಅವನದು ಒಂದೇ ಮಾತು: “ನಾ ಮುಟ್ಟಿಲ್ಲ.”

ಮಧ್ಯಾಹ್ನ ಗುಡಿಯಲ್ಲಿ ಸ್ಥಳ ಪಂಚನಾಮೆ ನಡೆಯಿತು. ಚೋಮನ ಹೆಂಡತಿ ಭೈರಮ್ಮ ಬೇಲಿಯಾಚೆ ನಿಂತಿದ್ದಳು.

“ದೇವರ ಮುಖ ಕದ್ದು ನಮ್ಮನೆಯವ್ರು ಎಂತ ಮಾಡ್ತಾರೆ ಮೇಡಮ್ಮೋರೆ? ಒಲೆ ಮೇಲಿಟ್ಟು ಬೇಯಿಸ್ತಾರಾ?”

ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಹಾದುಹೋಯಿತು. ಗದ್ದೆಯಲ್ಲಿದ್ದ ಆಳುಗಳೆಲ್ಲ ಕೆಲಸ ಬಿಟ್ಟು ಎದ್ದರು.

“ಇವರು ಯಾಕೆ ಎದ್ರು?” ಚೇತನಾ ಕೇಳಿದರು.

“ಶಿವಮೊಗ್ಗಕ್ಕೆ ಹೈದರಾಬಾದಿನ ವಿಮಾನ ಬಂತಲ್ಲ, ಊಟದ ಹೊತ್ತು.” ಎಂದಳು ಭೈರಮ್ಮ. “ಗಡಿಯಾರ ಯಾರಿಗೆ ಬೇಕು?”

ಚೇತನಾ ಬರೆಯುತ್ತಿದ್ದ ಪೆನ್ನು ನಿಂತಿತು. ಅವರ ಮುಖ ನೋಡಿ ಹೆಡ್ ಕಾನ್ಸ್‌ಟೇಬಲ್ ಧರ್ಮಪ್ಪ ತಲೆಯಾಡಿಸಿದರು.

“ಆಗೋದಲ್ಲ ಮೇಡಂ. ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದ ತಮ್ಮ ಸಂಜೆಯೊಳಗೆ ಇಲ್ಲಿಗೆ ಹೆಂಗೆ ಬರ್ತಾನೆ? ಹೈದರಾಬಾದು ಅಂದ್ರೆ ಇಡೀ ರಾತ್ರಿ ಬಸ್ಸು.”

“ಬಸ್ಸಿಗೆ ರಾತ್ರಿ, ಧರ್ಮಪ್ಪನವರೇ. ಅಲ್ಲಿಂದ ಶಿವಮೊಗ್ಗಕ್ಕೆ ಆಕಾಶದಲ್ಲಿ ಐನೂರು ಕಿಲೋಮೀಟರೂ ಇಲ್ಲ. ಒಂದೂಕಾಲು ಗಂಟೆ. ನಾವು ಬೆಳಿಗ್ಗೆಯಿಂದ ಬಸ್ಸಿನ ದಾರೀನೇ ಅಳೀತಿದ್ದೀವಿ.”

ಬುಧವಾರ ಪ್ರಯಾಣಿಕರ ವಿವರ ಸಿಕ್ಕಿತು. ಸೋಮವಾರದ ವಿಮಾನದಲ್ಲಿ ಸಿದ್ದಾರ್ಥನ ಹೆಸರಿತ್ತು, ಹಿಂದಿರುಗುವ ವಿಮಾನದಲ್ಲಿ ಇರಲಿಲ್ಲ. ಶಿವಮೊಗ್ಗ ವಿಮಾನ ನಿಲ್ದಾಣದಿಂದ ಅವನನ್ನು ಸೀತೂರಿಗೆ ತಂದ ಕಾರಿನ ಚಾಲಕ ಪುಟ್ಟಪ್ಪ, ವಾಪಸು ಬಸ್ ಹತ್ತಿಸಿದವನೂ ತಾನೇ ಎಂದ.

“ಬರೋವಾಗ ವಿಮಾನ, ಹೋಗೋವಾಗ ಬಸ್ಸು. ಎಂತ ಮಾರಾಯ ಇದು?” ಎಂದರು ಧರ್ಮಪ್ಪ.

“ಬೆಳ್ಳಿಮುಖ ಹೊತ್ತವನು ತಪಾಸಣೆ ಯಂತ್ರದ ಮುಂದೆ ನಿಲ್ತಾನಾ?” ಎಂದರು ಚೇತನಾ.

ಚೋಮನನ್ನು ಮನೆಗೆ ಕಳಿಸಿದರು. ಅವನು ಯಾರ ಮುಖವನ್ನೂ ನೋಡದೆ ಹೋದ.

ಗುರುವಾರ, ಹೈದರಾಬಾದಿನ ಆಸ್ಪತ್ರೆ. ಸೀರೆಯುಟ್ಟು ಬಂದಿದ್ದ ಚೇತನಾರನ್ನು ಮುದುಕಿ ದಾಕ್ಷಾಯಿಣಿ ನರ್ಸ್ ಎಂದೇ ತಿಳಿದರು. ಬೆಳ್ಳಿಮುಖ ಅವರ ಎದೆಯ ಮೇಲಿತ್ತು.

“ನೋಡು ಮಗಾ, ನಮ್ಮ ದೊಡ್ಡವನು ಕಳಿಸಿಕೊಟ್ಟ. ಇನ್ನು ನಂಗೆ ಹೆದರಿಕೆಯಿಲ್ಲ.”

ಸಿದ್ದಾರ್ಥ ತಲೆ ತಗ್ಗಿಸಿದ. ಹೊರಗಿನ ಪಡಸಾಲೆಯಲ್ಲಿ ಅವನು ಕೊಟ್ಟ ಹೇಳಿಕೆ ಚಿಕ್ಕದು. ಅವ್ವ ಸಾಯುವ ಮುಂಚೆ ಒಮ್ಮೆ ಮುಟ್ಟಲಿ ಎಂದು ಅಣ್ಣನನ್ನು ಎಷ್ಟೋ ಸಲ ಬೇಡಿದ್ದ. ದೇವರ ಮುಖ ಸೀಮೆ ದಾಟಬಾರದು, ಮನೆತನಕ್ಕೆ ಕೇಡು ಎಂದು ಅಣ್ಣ ಒಪ್ಪಿರಲಿಲ್ಲ. ಕೊನೆಗೆ ಅವ್ವನ ಸೊಂಟದ ಕೀ ತೆಗೆದುಕೊಂಡು ತಾನೇ ಊರಿಗೆ ಹೋಗಿದ್ದ.

“ಚೋಮನ್ನ ಹಿಡೀತಾರೆ ಅಂತ ನಂಗೆ ಹೊಳೀಲಿಲ್ಲ ಮೇಡಂ.”

“ಬೀಗ ಮುರೀದೆ ಬಾಗಿಲು ತೆಗೆದ್ರೆ ಇನ್ಯಾರನ್ನ ಹಿಡೀತಾರೆ?”

ಸಿದ್ದಾರ್ಥ ಬಂಧನದ ಕಾಗದಕ್ಕೆ ಸಹಿ ಹಾಕಿದ.

ಮುದುಕಿಗೆ ನಿದ್ದೆ ಹತ್ತುವವರೆಗೂ ಎಲ್ಲರೂ ಬಾಗಿಲ ಬಳಿ ಕಾದರು. ಆಮೇಲೆ ಚೇತನಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೆಳ್ಳಿಮುಖವನ್ನು ವಶಕ್ಕೆ ತೆಗೆದುಕೊಂಡರು. ದೇವರ ಹಣೆಯ ವಿಭೂತಿ ದಾಕ್ಷಾಯಿಣಿಯವರ ಅಂಗೈಯಲ್ಲಿ ಉಳಿದಿತ್ತು. ಅದನ್ನು ಪಂಚನಾಮೆಯಲ್ಲಿ ಬರೆಸಲಿಲ್ಲ.